ಮೊಬೈಲ್ ಕೊಲ್ಲಿಯ ಕದನದಲ್ಲಿ ಜಾನ್ ಲಾಸನ್: ಡೆಕ್‌ನ ಕೆಳಗಿನ ಶೌರ್ಯವನ್ನು ಹೇಗೆ ಅಳೆಯಬೇಕು?

ತೀರದ ಓದುಗ ಬರೆದದ್ದು:

ಅಮೆರಿಕದ ಉತ್ತರ ಮತ್ತು ಗುಲಾಮಗಿರಿಯ ದಕ್ಷಿಣದ ನಡುವಿನ ಅಂತರ್ಯುದ್ಧದಲ್ಲಿ, 1864ರ ಆಗಸ್ಟ್ 5ರಂದು ಅಲಬಾಮಾ ರಾಜ್ಯದ ಮೊಬೈಲ್ ಕೊಲ್ಲಿಯಲ್ಲಿ ನಡೆದ ನೌಕಾಯುದ್ಧದ ಮಾತು ಬಂದಾಗಲೆಲ್ಲ ಉತ್ತರದ ರಿಯರ್ ಅಡ್ಮಿರಲ್ ಡೇವಿಡ್ ಫಾರಗಟ್ ಅವರ ಹೆಸರೇ ಮೊದಲು ಬರುತ್ತದೆ. ತೋಪಿನ ಹೊಗೆಯ ಮೇಲಿನಿಂದ ಕದನ ಕಾಣಲೆಂದು ಅವರು ಹಾರ್ಟ್‌ಫರ್ಡ್ ಹಡಗಿನ ಹಗ್ಗದೇಣಿ ಏರಿ ನಿಂತದ್ದು, ಬೀಳಬಾರದೆಂದು ಅವರನ್ನು ಅಲ್ಲೇ ಹಗ್ಗದಿಂದ ಬಿಗಿದದ್ದು, ನೀರಡಿಯ ಮೈನುಗಳನ್ನು ಲೆಕ್ಕಿಸದೆ ಮುಂದೆ ಸಾಗಲು ಆಜ್ಞೆಯಿತ್ತದ್ದು ಇವೆಲ್ಲ ಮತ್ತೆ ಮತ್ತೆ ಬರೆಯಲ್ಪಟ್ಟಿವೆ. ನಾನು ಇಲ್ಲಿ ಚರ್ಚೆಗೆ ಇಡುತ್ತಿರುವುದು ಅದೇ ಹಡಗಿನಲ್ಲಿ, ಅದೇ ಹೊತ್ತಿನಲ್ಲಿ, ತೋಪುಗಳ ಡೆಕ್‌ಗಿಂತ ಕೆಳಗೆ ನಿಂತು ದುಡಿಯುತ್ತಿದ್ದ ಜಾನ್ ಹೆನ್ರಿ ಲಾಸನ್ ಎಂಬ ನಾವಿಕರ ವಿಷಯ.

ಲಾಸನ್ ಅವರು 1837ರ ಜೂನ್ 16ರಂದು ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ಕದನದ ದಿನ ಅವರಿಗೆ 27 ವರ್ಷ. ಹಡಗಿನಲ್ಲಿ ಅವರ ದರ್ಜೆ ಲ್ಯಾಂಡ್ಸ್‌ಮನ್, ಅಂದರೆ ಕಡಲಿನ ಅನುಭವವಿಲ್ಲದೆ ಸೇರಿದ ವಯಸ್ಕರಿಗೆ ಕೊಡುತ್ತಿದ್ದ ಅತ್ಯಂತ ಕೆಳಗಿನ ಸ್ಥಾನ. ಅವರಿಗೆ ವಹಿಸಿದ್ದ ಕೆಲಸ ಶೆಲ್ ವಿಪ್‌ನಲ್ಲಿ, ಅಂದರೆ ಹಡಗಿನ ಹೊಟ್ಟೆಯಲ್ಲಿದ್ದ ಸಿಡಿಗುಂಡುಗಳನ್ನು ತೋಪುಗಳ ಬಳಿಗೆ ಎತ್ತುವ ಹಗ್ಗ ಮತ್ತು ರಾಟೆಯ ವ್ಯವಸ್ಥೆಯಲ್ಲಿ. ಬಾವಿಯಿಂದ ನೀರು ಸೇದುವ ರಾಟೆಯನ್ನು ಕಂಡವರಿಗೆ ಅದರ ರಚನೆ ಕೂಡಲೇ ಹೊಳೆಯುತ್ತದೆ. ಆದರೆ ಇಲ್ಲಿ ಹಗ್ಗದ ತುದಿಯಲ್ಲಿ ಮೂವತ್ತು ಕಿಲೊಗಿಂತ ಹೆಚ್ಚು ತೂಗುವ, ಒಳಗೆ ಮದ್ದು ತುಂಬಿದ ಗುಂಡು ಇರುತ್ತಿತ್ತು.

ಆ ವಿಪ್‌ನಲ್ಲಿ ಆರು ಜನರಿದ್ದರು. ಶತ್ರುವಿನ ಒಂದು ಶೆಲ್ ಬಂದು ಸಿಡಿದಾಗ ಆ ಆರೂ ಜನ ಸತ್ತರು ಅಥವಾ ಗಾಯಗೊಂಡರು. ಲಾಸನ್ ಅವರ ಕಾಲಿಗೆ ಪೆಟ್ಟಾಯಿತು, ಸ್ಫೋಟದ ರಭಸಕ್ಕೆ ಅವರ ದೇಹ ಹಡಗಿನ ಪಕ್ಕೆಗೆ ಹೋಗಿ ಅಪ್ಪಳಿಸಿತು. ಚೇತರಿಸಿಕೊಂಡ ತಕ್ಷಣ ಅವರು ಎದ್ದು ತಮ್ಮ ಜಾಗಕ್ಕೆ ಮರಳಿದರು. ಚಿಕಿತ್ಸೆಗೆ ಕೆಳಗೆ ಹೋಗುವಂತೆ ಜೊತೆಯವರು ಒತ್ತಾಯಿಸಿದರೂ ಒಪ್ಪದೆ ಕದನ ಮುಗಿಯುವವರೆಗೆ ಗುಂಡು ಎತ್ತುತ್ತಲೇ ಇದ್ದರು. 1864ರ ಡಿಸೆಂಬರ್ 31ರ ಆದೇಶದ ಮೂಲಕ ಅವರಿಗೆ, ಇಂದು ಅಮೆರಿಕದ ಅತ್ಯುನ್ನತ ಸೇನಾ ಪದಕವಾಗಿರುವ ಮೆಡಲ್ ಆಫ್ ಆನರ್ ಘೋಷಣೆಯಾಯಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಶೌರ್ಯಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ, ಏಕೆಂದರೆ ಲಾಸನ್ ಅವರಿಗೆ ಆ ಜಾಗದಲ್ಲಿ ನಿಂತರೆ ಏನಾಗುತ್ತದೆ ಎಂಬುದು ಚೆನ್ನಾಗಿ ತಿಳಿದ ಮೇಲೆ ಅವರು ಅಲ್ಲಿಗೇ ಹಿಂದಿರುಗಿದರು. ಉಳಿದವರ ಅಭಿಪ್ರಾಯವನ್ನು ತಿಳಿಯಲು ಬಯಸುತ್ತೇನೆ.

ಪ್ರಶ್ನಾರ್ಥಕ ಬರೆದದ್ದು:

ಬರಹ ಚೆನ್ನಾಗಿದೆ, ಆದರೆ ಒಂದು ಸಂದೇಹವನ್ನು ಮುಚ್ಚಿಡುವುದು ಸರಿಯಲ್ಲ. ಮೊಬೈಲ್ ಕೊಲ್ಲಿಯ ಒಂದೇ ಕದನಕ್ಕಾಗಿ 90ಕ್ಕೂ ಹೆಚ್ಚು ನಾವಿಕರು ಮತ್ತು ಮರೀನ್‌ಗಳಿಗೆ, ಅಂದರೆ ನೌಕಾ ಸೈನಿಕರಿಗೆ, ಈ ಪದಕ ಸಿಕ್ಕಿದೆ. ಆ ಕಾಲದಲ್ಲಿ ಅಮೆರಿಕದ ಸಾಮಾನ್ಯ ನಾವಿಕನಿಗೆ ಕೊಡಲು ಬೇರೆ ಪದಕವೇ ಇರಲಿಲ್ಲವಾದ್ದರಿಂದ, ಇಂದು ನಾವು ಆ ಹೆಸರಿಗೆ ಕೊಡುವ ತೂಕವನ್ನು ಅಂದಿನ ಪದಕಕ್ಕೆ ಕೊಡಬಹುದೇ? ಆ ಕದನದ ಪ್ರಶಸ್ತಿ ಪತ್ರಗಳನ್ನು ಸಾಲಾಗಿ ಓದಿದರೆ ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ: ಎರಡು ಗಂಟೆಗಳ ಭೀಕರ ಕದನದಲ್ಲಿ ತನ್ನ ತೋಪನ್ನು ಕೌಶಲದಿಂದ ನಡೆಸಿದ, ಶತ್ರುವಿನ ಟೆನೆಸಿ ಹಡಗಿನ ಶರಣಾಗತಿಗೆ ನೆರವಾದ, ಇತ್ಯಾದಿ. ಇದು ತಂಡದ ಗೆಲುವಿಗೆ ಹಂಚಿದ ಬಹುಮಾನವೇ ಅಥವಾ ವ್ಯಕ್ತಿಯ ಸಾಹಸಕ್ಕೆ ಕೊಟ್ಟ ಮನ್ನಣೆಯೇ?

ಕಾನೂನಿನ ವಿದ್ಯಾರ್ಥಿ ಬರೆದದ್ದು:

ಈ ಪ್ರಶ್ನೆಗೆ ಪದಕದ ಹುಟ್ಟಿನಿಂದಲೇ ಉತ್ತರ ಹುಡುಕಬೇಕು. ಅಧ್ಯಕ್ಷ ಲಿಂಕನ್ ಅವರು 1861ರ ಡಿಸೆಂಬರ್ 21ರಂದು ಸಹಿ ಮಾಡಿದ ಕಾಯ್ದೆಯಲ್ಲಿ 200 ಪದಕಗಳನ್ನು ಮಾಡಿಸಲು ನೌಕಾಪಡೆಗೆ ಅನುಮತಿ ದೊರೆಯಿತು. ಯಾರಿಗೆ ಕೊಡಬೇಕೆಂದು ಹೇಳುವಾಗ ಆ ಕಾಯ್ದೆ ಪೆಟಿ ಆಫೀಸರ್‌ಗಳು, ಸೀಮನ್‌ಗಳು, ಲ್ಯಾಂಡ್ಸ್‌ಮನ್‌ಗಳು ಮತ್ತು ಮರೀನ್‌ಗಳು ಎಂದು ಬಿಡಿಬಿಡಿಯಾಗಿ ಹೆಸರಿಸುತ್ತದೆ. ನೌಕಾಪಡೆಯ ಅಧಿಕಾರಿಗಳು ಈ ಪದಕಕ್ಕೆ ಅರ್ಹರಾದದ್ದು 1915ರಲ್ಲಿ. ಹಾಗಾಗಿ ಮೊಬೈಲ್ ಕೊಲ್ಲಿಯಲ್ಲಿ ಫಾರಗಟ್ ಅವರಿಗೂ, ಹಾರ್ಟ್‌ಫರ್ಡ್‌ನ ಕಪ್ತಾನ ಪರ್ಸಿವಲ್ ಡ್ರೇಟನ್ ಅವರಿಗೂ ಸಿಗಲಾರದ ಗೌರವವೊಂದು ಆ ಹಡಗಿನ ಕೊನೆಯ ದರ್ಜೆಯವನಿಗೆ ಸಿಗಬಹುದಾಗಿತ್ತು. ಇದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ.

ಪದಕ ಧಾರಾಳವಾಗಿ ಹಂಚಲ್ಪಟ್ಟಿತು ಎಂಬ ಆಕ್ಷೇಪ ಭೂಸೇನೆಯ ವಿಷಯದಲ್ಲಿ ಸಾಬೀತಾಗಿದೆ. 1917ರಲ್ಲಿ ಜನರಲ್ ನೆಲ್ಸನ್ ಮೈಲ್ಸ್ ಅವರ ಮಂಡಳಿ ಹಳೆಯ ಪಟ್ಟಿಯನ್ನು ಪರಿಶೀಲಿಸಿ 911 ಹೆಸರುಗಳನ್ನು ತೆಗೆದುಹಾಕಿತು. ಅವುಗಳಲ್ಲಿ 864 ಹೆಸರುಗಳು ಮೇನ್ ರಾಜ್ಯದ 27ನೆಯ ರೆಜಿಮೆಂಟ್ ಒಂದಕ್ಕೇ ಸೇರಿದ್ದವು. ಅದು ಭೂಸೇನೆಯ ಪಟ್ಟಿಯ ಪರಿಶೀಲನೆ, ನೌಕಾಪಡೆಯ ಪಟ್ಟಿ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಾಗ ಎಚ್ಚರ ಬೇಕು.

ಹಳೆಯ ಎಂಜಿನ್ ಕೋಣೆ ಬರೆದದ್ದು:

ನಾನು ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಬಹುಕಾಲ ದುಡಿದವನು. ಯುದ್ಧ ಕಂಡವನಲ್ಲ, ಆದರೆ ಬಿರುಗಾಳಿಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು, ಮೇಲೆ ಏನು ನಡೆಯುತ್ತಿದೆಯೆಂದು ಕಾಣದೆ, ಬರುವ ಸದ್ದಿನಿಂದಲೇ ಎಲ್ಲವನ್ನೂ ಊಹಿಸುತ್ತ ಕೆಲಸ ಮಾಡುವುದು ಎಂತಹದು ಎಂಬುದನ್ನು ಬಲ್ಲೆ. ಆ ಅನುಭವದ ಬಲದಿಂದ ಒಂದು ಮಾತು ಸೇರಿಸುತ್ತೇನೆ.

ತೋಪಿನ ಬಳಿ ನಿಂತವನಿಗೆ ಶತ್ರು ಕಾಣುತ್ತಾನೆ, ಗುಂಡು ಹಾರಿಸಿದರೆ ಅದು ತಾಗಿತೋ ಇಲ್ಲವೋ ತಿಳಿಯುತ್ತದೆ, ಸಿಟ್ಟಿಗೆ ಒಂದು ದಾರಿ ಸಿಗುತ್ತದೆ. ಬರ್ತ್ ಡೆಕ್‌ನಲ್ಲಿ, ಅಂದರೆ ನಾವಿಕರು ಮಲಗುವ ಕೆಳಗಿನ ಅಂತಸ್ತಿನಲ್ಲಿ, ಹಗ್ಗ ಹಿಡಿದವನಿಗೆ ಇವು ಯಾವುವೂ ಇಲ್ಲ. ಬೆಳಕು ಕಡಿಮೆ, ಹೊಗೆ ಹೆಚ್ಚು, ಗುಂಡು ಮೇಲೇರಲೆಂದು ತೆರೆದಿಟ್ಟ ಬಾಗಿಲಿನಿಂದ ಮರದ ಚೂರು ಮತ್ತು ಕಬ್ಬಿಣದ ಚೂರು ಕೆಳಗೆ ಬೀಳುತ್ತವೆ, ಗಾಯಾಳುಗಳನ್ನು ಅದೇ ಏಣಿಯಿಂದ ಇಳಿಸುತ್ತಾರೆ. ಅವನ ಕೈಯಲ್ಲಿ ಇರುವುದು ಮದ್ದು ತುಂಬಿದ ಶೆಲ್. ಅಲ್ಲಿ ಒಂದು ಕಿಡಿ ಬಿದ್ದರೂ ಆ ಜಾಗವೇ ಉಳಿಯುವುದಿಲ್ಲ. ಹೀಗಿರುವಾಗ ಮೇಲಿನ ತೋಪುಗಳಿಗೆ ಗುಂಡು ತಲುಪುವುದು ಒಂದೆರಡು ನಿಮಿಷ ನಿಂತರೂ ಹಡಗು ಬಾಯಿ ಕಟ್ಟಿದಂತಾಗುತ್ತದೆ. ಹಾರ್ಟ್‌ಫರ್ಡ್‌ನ ಮುಖ್ಯ ತೋಪುಗಳು ಒಂಬತ್ತು ಅಂಗುಲದ ಡಾಲ್‌ಗ್ರೆನ್‌ಗಳು, ಅವುಗಳ ಹಸಿವು ದೊಡ್ಡದು. ಆದ್ದರಿಂದ ಲಾಸನ್ ಅವರು ಹಟಕ್ಕೆ ಬಿದ್ದು ನಿಂತರೆಂದು ನಾನು ಓದುವುದಿಲ್ಲ. ತಂಡ ಬಿದ್ದಿದೆ, ಹಗ್ಗ ನಿಂತಿದೆ, ಈಗ ನಾನೂ ಹೋದರೆ ಮೇಲೆ ತೋಪು ನಿಲ್ಲುತ್ತದೆ ಎಂಬ ತಿಳಿವಳಿಕೆಯೇ ಅವರನ್ನು ಎಬ್ಬಿಸಿತೆಂದು ನನ್ನ ನಂಬಿಕೆ.

ತೀರದ ಓದುಗ ಬರೆದದ್ದು:

ಎಂಜಿನ್ ಕೋಣೆಯ ಹಿರಿಯರ ಮಾತಿಗೆ ಕದನದ ಹಿನ್ನೆಲೆಯನ್ನು ಜೋಡಿಸುತ್ತೇನೆ, ಏಕೆಂದರೆ ಯಾವ ಹಂತದಲ್ಲಿ ಹಾರ್ಟ್‌ಫರ್ಡ್ ಇಷ್ಟು ಜನರನ್ನು ಕಳೆದುಕೊಂಡಿತು ಎಂಬುದು ಇಲ್ಲಿ ಮುಖ್ಯ.

ಫಾರಗಟ್ ಅವರ ಬಳಿ 18 ಹಡಗುಗಳಿದ್ದವು, ಅವುಗಳಲ್ಲಿ 14 ಮರದವು, ನಾಲ್ಕು ಕಬ್ಬಿಣದ ಕವಚದ ಮಾನಿಟರ್‌ಗಳು. ಮರದ ಹಡಗುಗಳನ್ನು ಎರಡೆರಡಾಗಿ ಪಕ್ಕಕ್ಕೆ ಪಕ್ಕ ಕಟ್ಟಲಾಗಿತ್ತು. ಹಾರ್ಟ್‌ಫರ್ಡ್‌ಗೆ ಜೊತೆಯಾಗಿದ್ದುದು ಮೆಟಕಾಮೆಟ್. ಕೊಲ್ಲಿಯ ಬಾಯಲ್ಲಿ ದಕ್ಷಿಣದವರ ಎರಡು ಕೋಟೆಗಳು: ಒಂದು ಕಡೆ ಮಾರ್ಗನ್ ಕೋಟೆ, ಇನ್ನೊಂದು ಕಡೆ ಡಾಫಿನ್ ದ್ವೀಪದ ಮೇಲೆ ಗೇನ್ಸ್ ಕೋಟೆ. ನಡುವಿನ ನೀರಿನಲ್ಲಿ ಮೈನುಗಳನ್ನು ಹಾಸಿ, ಹಡಗುಗಳು ಮಾರ್ಗನ್ ಕೋಟೆಯ ತೋಪುಗಳ ಮೂತಿಗೆ ಬರಲೇಬೇಕಾದಂತೆ ಕಿರಿದಾದ ದಾರಿಯೊಂದನ್ನು ಮಾತ್ರ ಬಿಟ್ಟಿದ್ದರು. ಬೆಳಗ್ಗೆ ಏಳರ ಸುಮಾರಿಗೆ ಕೋಟೆ ಗುಂಡು ಹಾರಿಸತೊಡಗಿತು. ಸ್ವಲ್ಪ ಹೊತ್ತಿನಲ್ಲೇ ಮುಂಚೂಣಿಯ ಮಾನಿಟರ್ ಟೆಕಮ್ಸೆ ಮೈನಿಗೆ ತಾಗಿ, ಕಮಾಂಡರ್ ಟ್ಯೂನಿಸ್ ಕ್ರೇವನ್ ಅವರೂ ಸೇರಿದಂತೆ 90ಕ್ಕೂ ಹೆಚ್ಚು ಜನರೊಂದಿಗೆ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅದನ್ನು ಕಂಡು ಮರದ ಹಡಗುಗಳ ಸಾಲಿನ ಮೊದಲಲ್ಲಿದ್ದ ಬ್ರೂಕ್ಲಿನ್ ನಿಂತುಬಿಟ್ಟಿತು. ಹಿಂದಿನ ಹಡಗುಗಳೆಲ್ಲ ಕೋಟೆಯ ಎದುರಿಗೇ ಒಂದರ ಮೇಲೊಂದು ಒತ್ತತೊಡಗಿದವು. ಫಾರಗಟ್ ಅವರು ಹಾರ್ಟ್‌ಫರ್ಡ್ ಅನ್ನು ಬ್ರೂಕ್ಲಿನ್‌ನ ಪಕ್ಕದಿಂದ ಮೈನುಗಳ ಮೇಲೆಯೇ ನಡೆಸಿದರು. ಹಡಗಿನ ತಳಕ್ಕೆ ಮೈನುಗಳು ಉಜ್ಜಿದ ಸದ್ದು ಕೆಳಗಿದ್ದವರಿಗೆ ಕೇಳಿಸಿತು, ಆದರೆ ಯಾವುದೂ ಸಿಡಿಯಲಿಲ್ಲ.

ಕೋಟೆಯನ್ನು ದಾಟಿದ ಮೇಲೂ ಕಷ್ಟ ತೀರಲಿಲ್ಲ. ದಕ್ಷಿಣದವರ ಸೆಲ್ಮಾ, ಗೇನ್ಸ್ ಮತ್ತು ಮಾರ್ಗನ್ ಎಂಬ ಮೂರು ತೋಪುದೋಣಿಗಳು (ಕೊನೆಯ ಎರಡಕ್ಕೂ ಕೋಟೆಗಳದೇ ಹೆಸರು) ಹಾರ್ಟ್‌ಫರ್ಡ್‌ನ ಮುಂದೆ ಮುಂದೆ ಸಾಗುತ್ತ ಮೂತಿಯಿಂದ ಬಾಲದವರೆಗೆ ಉದ್ದುದ್ದಕ್ಕೆ ಗುಂಡು ಸುರಿಸಿದವು. ಹಾಗೆ ಬಂದ ಗುಂಡು ಹಡಗಿನ ಅಗಲವನ್ನಲ್ಲ, ಇಡೀ ಉದ್ದವನ್ನು ಸೀಳಿಕೊಂಡು ಹೋಗುತ್ತದೆ. ಹಾರ್ಟ್‌ಫರ್ಡ್ ತನ್ನ ಪಕ್ಕದ ತೋಪುಗಳಿಂದ ಉತ್ತರ ಕೊಡಲಾಗದ ದಿಕ್ಕು ಅದು. ಕದನದ ಕೊನೆಗೆ ಹಾರ್ಟ್‌ಫರ್ಡ್‌ನಲ್ಲಿ 25 ಜನ ಸತ್ತಿದ್ದರು, 28 ಜನ ಗಾಯಗೊಂಡಿದ್ದರು. ಹೆಚ್ಚುಕಡಿಮೆ ಗಾಯಾಳುಗಳಷ್ಟೇ ಸತ್ತವರೂ ಇರುವುದನ್ನು ಗಮನಿಸಿ. ಬ್ರೂಕ್ಲಿನ್‌ನಲ್ಲಿ 11 ಸಾವು, 43 ಗಾಯ.

ಪ್ರಶ್ನಾರ್ಥಕರ ಅಚ್ಚಿನ ಮಾತಿಗೆ ಬರುತ್ತೇನೆ. ತೋಪು ನಡೆಸಿದವರ ಪ್ರಶಸ್ತಿ ಪತ್ರಗಳು ಒಂದರಂತೆ ಒಂದು ಇರುವುದು ನಿಜ. ಆ ಕಾರಣಕ್ಕೇ ಲಾಸನ್ ಅವರ ಪತ್ರ ಎದ್ದು ಕಾಣುತ್ತದೆ. ಅದರಲ್ಲಿ ಜಾಗ ಇದೆ, ತಂಡದ ಸಂಖ್ಯೆ ಇದೆ, ಗಾಯ ಯಾವ ಅಂಗಕ್ಕೆ ಎಂಬುದಿದೆ, ಬೇರೆಯವರು ಏನು ಹೇಳಿದರು ಎಂಬುದೂ ಇದೆ. ಅಚ್ಚಿನಿಂದ ಬಂದ ಪತ್ರಕ್ಕೆ ಇಷ್ಟು ವಿವರ ಬರುವುದಿಲ್ಲ, ಕಣ್ಣಾರೆ ಕಂಡವರು ಹೇಳಿದಾಗಲೇ ಬರುತ್ತದೆ.

ಧಾರವಾಡದ ಶಿಕ್ಷಕಿ ಬರೆದದ್ದು:

ಲಾಸನ್ ಒಬ್ಬರೇ ಅಲ್ಲ ಎಂಬುದನ್ನೂ ಸೇರಿಸಬೇಕು. ಅದೇ ಕದನದಲ್ಲಿ ನಾಲ್ವರು ಕಪ್ಪು ನಾವಿಕರಿಗೆ ಈ ಪದಕ ದೊರೆಯಿತು, ಮತ್ತು ನಾಲ್ವರೂ ಮದ್ದುಗುಂಡು ಪೂರೈಕೆಯ ಜಾಗದಲ್ಲಿದ್ದವರೇ.

ಹಾರ್ಟ್‌ಫರ್ಡ್‌ನಲ್ಲಿ ಲಾಸನ್ ಅವರೊಂದಿಗೆ ಇದ್ದವರು ವಿಲ್ಸನ್ ಬ್ರೌನ್. ಮಿಸಿಸಿಪಿಯ ನ್ಯಾಚೆಜ್‌ನಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಅವರ ಮೇಲಿನ ಏಣಿಯಲ್ಲಿದ್ದ ಒಬ್ಬನಿಗೆ ಶೆಲ್‌ನಿಂದ ಪ್ರಾಣಾಂತಿಕ ಗಾಯವಾದಾಗ ಬ್ರೌನ್ ಅವರು ಪ್ರಜ್ಞೆ ತಪ್ಪಿ ಹಡಗಿನ ತಳದ ಉಗ್ರಾಣಕ್ಕೆ ಬಿದ್ದರು. ಪ್ರಜ್ಞೆ ಬಂದೊಡನೆ ಬರ್ತ್ ಡೆಕ್‌ನ ಶೆಲ್ ವಿಪ್‌ಗೆ ಮರಳಿದರು. ಅವರ ಪತ್ರದಲ್ಲಿ ಅಲ್ಲಿದ್ದ ಆರು ಜನರಲ್ಲಿ ನಾಲ್ವರು ಸತ್ತಿದ್ದರು ಅಥವಾ ಗಾಯಗೊಂಡಿದ್ದರು ಎಂದಿದೆ. ಲಾಸನ್ ಅವರ ಪತ್ರ ಆರೂ ಜನರನ್ನು ಲೆಕ್ಕಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ, ಬಿದ್ದು ಮತ್ತೆ ಎದ್ದ ಇಬ್ಬರು ಒಂದೇ ಹಗ್ಗವನ್ನು ಹಿಡಿದು ಕೆಲಸ ಮುಂದುವರಿಸಿದ ಚಿತ್ರ ನನಗೆ ಕಾಣುತ್ತದೆ, ಬ್ರೌನ್ ಅವರ ಪತ್ರ ಎಣಿಸದೆ ಬಿಟ್ಟ ಇಬ್ಬರು ಇವರೇ ಇರಬೇಕೆಂದು ಅನ್ನಿಸುತ್ತದೆ.

ಬ್ರೂಕ್ಲಿನ್‌ನಲ್ಲಿ ವಿಲಿಯಂ ಬ್ರೌನ್ ಮತ್ತು ಜೇಮ್ಸ್ ಮಿಫ್ಲಿನ್ ಇದ್ದರು. ಅವರಿದ್ದ ಶೆಲ್ ವಿಪ್‌ಗಳ ಬಳಿ ಸಿಡಿಗುಂಡುಗಳು ಎರಡು ಸಲ ಎಲ್ಲರನ್ನೂ ತೆರವುಗೊಳಿಸಿದವು. ಮಿಫ್ಲಿನ್ ಅವರ ಹುದ್ದೆ ಎಂಜಿನಿಯರ್‌ಗಳ ಅಡುಗೆಯವರದು ಎಂಬುದನ್ನು ನಾನು ಮಕ್ಕಳಿಗೆ ಹೇಳುವಾಗ ಬಿಡುವುದಿಲ್ಲ.

ನಾಲ್ವರೂ ಹೀಗೆ ಕೆಳಗಿನ ಡೆಕ್‌ನಲ್ಲೇ ಇದ್ದದ್ದು ಕಾಕತಾಳೀಯವಲ್ಲ. ನೌಕಾಪಡೆ ಕಪ್ಪು ಜನರನ್ನು ಭೂಸೇನೆಗಿಂತ ಮುಂಚೆಯೇ ಸೇರಿಸಿಕೊಂಡಿತ್ತು, ಬಿಳಿಯರೊಂದಿಗೆ ಒಂದೇ ಹಡಗಿನಲ್ಲಿ ಇರಿಸಿತ್ತು ಎಂಬುದು ಸತ್ಯ. ಆದರೆ 1861ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಯ ಕಾರ್ಯದರ್ಶಿ ಗಿಡಿಯನ್ ವೆಲ್ಸ್ ಅವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರ ಸೇರ್ಪಡೆಗೆ ಒಪ್ಪಿಗೆ ಕೊಟ್ಟಾಗ ಅವರು ಲ್ಯಾಂಡ್ಸ್‌ಮನ್‌ಗಿಂತಲೂ ಕೆಳಗಿನ, ಹುಡುಗರ ದರ್ಜೆಯಾದ 'ಬಾಯ್' ಅನ್ನು ಮೀರಬಾರದು ಎಂಬ ಷರತ್ತಿತ್ತು. ವೇತನ ತಿಂಗಳಿಗೆ 10 ಡಾಲರ್ ಮತ್ತು ದಿನಕ್ಕೊಂದು ಪಡಿ. ಮುಂದೆ ಲ್ಯಾಂಡ್ಸ್‌ಮನ್ ದರ್ಜೆಯವರೆಗೆ ಬಾಗಿಲು ತೆರೆಯಿತು. ಯುದ್ಧದ ಅವಧಿಯಲ್ಲಿ ಸುಮಾರು 18,000 ಕಪ್ಪು ಜನ ಉತ್ತರದ ನೌಕಾಪಡೆಯಲ್ಲಿ ದುಡಿದರು. ಅವರಲ್ಲಿ ಹೆಚ್ಚಿನವರು ಹಗ್ಗ, ಕಲ್ಲಿದ್ದಲು, ಅಡುಗೆ ಮತ್ತು ಮದ್ದಿನ ಕೆಲಸಗಳಲ್ಲೇ ಇದ್ದರು. ಪದಕ ಪಡೆದ ಇನ್ನೊಬ್ಬರು ರಾಬರ್ಟ್ ಬ್ಲೇಕ್. 1863ರ ಕ್ರಿಸ್ಮಸ್ ದಿನ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯಲ್ಲಿ ಮಾರ್ಬಲ್‌ಹೆಡ್ ಹಡಗಿನಲ್ಲಿ ಅವರು ತೋರಿದ ಧೈರ್ಯಕ್ಕೆ 1864ರ ಏಪ್ರಿಲ್‌ನಲ್ಲಿ ಮನ್ನಣೆ ದೊರೆಯಿತು.

ಲಖನೌ ಅಭ್ಯಾಸಿ ಬರೆದದ್ದು:

ಇದಕ್ಕೆ ಹತ್ತಿರದ ಒಂದು ಉದಾಹರಣೆ ನಮ್ಮ ನೆಲದಲ್ಲೇ ಇದೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದ ಕಪ್ಪು ನಾವಿಕ ವಿಲಿಯಂ ಹಾಲ್ ಅವರು ಬ್ರಿಟಿಷ್ ಹಡಗು ಶ್ಯಾನನ್‌ನ ನೌಕಾದಳದೊಂದಿಗೆ ಬಂದು, 1857ರ ನವೆಂಬರ್ 16ರಂದು ಲಖನೌದ ಶಾ ನಜಫ್ ಸಮಾಧಿ ಕಟ್ಟಡದ ಗೋಡೆಯೆದುರು ತೋಪಿನ ತಂಡವೆಲ್ಲ ಬಿದ್ದ ಮೇಲೂ ಲೆಫ್ಟಿನೆಂಟ್ ಥಾಮಸ್ ಯಂಗ್ ಅವರೊಂದಿಗೆ ತೋಪು ನಡೆಸಿದರು. 1859ರಲ್ಲಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆದರೆ ಅದನ್ನು ಓದುವಾಗ ನನ್ನ ಮನಸ್ಸು ಎರಡಾಗುತ್ತದೆ. ಆ ಗೋಡೆಯ ಒಳಗೆ ಇದ್ದವರು ನಮ್ಮವರು. ಹಾಲ್ ಅವರ ಎದೆಗಾರಿಕೆಯನ್ನು ಅಲ್ಲಗಳೆಯಲಾರೆ, ಆ ತೋಪು ಯಾರ ಪರವಾಗಿ ಸಿಡಿಯಿತು ಎಂಬುದನ್ನೂ ಮರೆಯಲಾರೆ. ಲಾಸನ್ ಅವರ ವಿಷಯದಲ್ಲಿ ಈ ಸಂಕಟವಿಲ್ಲ. ಅವರು ಎತ್ತಿಕೊಟ್ಟ ಪ್ರತಿಯೊಂದು ಗುಂಡೂ ಅವರ ಜನರನ್ನು ಮಾರುಕಟ್ಟೆಯಲ್ಲಿ ಮಾರುತ್ತಿದ್ದ ವ್ಯವಸ್ಥೆಯ ವಿರುದ್ಧ ಹಾರಿತು.

ಪ್ರಶ್ನಾರ್ಥಕ ಬರೆದದ್ದು:

ಲಾಸನ್ ಅವರ ಪತ್ರ ಅಚ್ಚಿನದಲ್ಲ ಎಂಬ ವಾದವನ್ನು ಒಪ್ಪುತ್ತೇನೆ. ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಯುದ್ಧವನ್ನು ಗೆದ್ದುಕೊಟ್ಟದ್ದು ಫಾರಗಟ್ ಅವರ ನಿರ್ಧಾರ. ಬ್ರೂಕ್ಲಿನ್ ನಿಂತಾಗ ಹಾರ್ಟ್‌ಫರ್ಡ್ ಕೂಡ ಹಿಂಜರಿದಿದ್ದರೆ ಇಡೀ ದಳವೇ ಕೋಟೆಯ ಎದುರು ಪುಡಿಯಾಗುತ್ತಿತ್ತು. ಅಂತಹ ನಿರ್ಧಾರದ ಹೊರೆ ಹೊತ್ತವರ ಧೈರ್ಯಕ್ಕಿಂತ ಗುಂಡು ಎತ್ತಿದವರ ಧೈರ್ಯ ದೊಡ್ಡದು ಎನ್ನುವುದು ಭಾವನೆಯ ಮಾತೇ ಹೊರತು ತೂಕದ ಮಾತಲ್ಲ.

ಹಳೆಯ ಎಂಜಿನ್ ಕೋಣೆ ಬರೆದದ್ದು:

ನಿರ್ಧಾರದ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ನಿರ್ಧಾರ ಮಾಡಿದವರಿಗೆ ಅದರ ಹಿಂದಿನ ಕಾರಣ ಗೊತ್ತಿರುತ್ತದೆ, ಮುಂದಿನ ದಾರಿ ಕಾಣುತ್ತಿರುತ್ತದೆ. ಕೆಳಗಿನವರಿಗೆ ಟೆಕಮ್ಸೆ ಮುಳುಗಿದ ಸುದ್ದಿ ತಲುಪಿತ್ತೋ ಇಲ್ಲವೋ, ತಳಕ್ಕೆ ಉಜ್ಜಿದ್ದೇನೆಂದು ಯಾರಾದರೂ ಹೇಳಿದರೋ ಇಲ್ಲವೋ, ಗೆಲ್ಲುತ್ತಿದ್ದೇವೆಯೇ ಸೋಲುತ್ತಿದ್ದೇವೆಯೇ ಎಂಬುದಂತೂ ಕಣ್ಣಿಗೆ ಬೀಳುವಂತಿರಲಿಲ್ಲ. ಕಾರಣ ಕಾಣದೆಯೂ ಕೆಲಸ ಬಿಡದವರ ಮೇಲೆ ಅಡ್ಮಿರಲ್ ಅವರ ನಿರ್ಧಾರ ನಿಂತಿತ್ತು. ಮೇಲಿನ ಆಜ್ಞೆ ಒಂದು ಕ್ಷಣದ್ದು, ಕೆಳಗಿನ ದುಡಿಮೆ ಮೂರು ಗಂಟೆಯದು.

ತೀರದ ಓದುಗ ಬರೆದದ್ದು:

ಮೂರು ಗಂಟೆ ಎಂಬುದಕ್ಕೆ ಆಧಾರವಿದೆ. ಎಂಟು ಗಂಟೆಯ ನಂತರ ಕೋಟೆ ಹಿಂದೆ ಬಿತ್ತು, ಮೆಟಕಾಮೆಟ್ ಕಟ್ಟು ಬಿಚ್ಚಿಕೊಂಡು ಹೋಗಿ ಸೆಲ್ಮಾವನ್ನು ಹಿಡಿಯಿತು. ಆಗ ಕದನ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಆದರೆ ದಕ್ಷಿಣದ ಅಡ್ಮಿರಲ್ ಫ್ರಾಂಕ್ಲಿನ್ ಬ್ಯೂಕ್ಯಾನನ್ ಅವರು ಕಬ್ಬಿಣ ಹೊದಿಸಿದ ಟೆನೆಸಿಯನ್ನು ಒಂಟಿಯಾಗಿಯೇ ಇಡೀ ದಳದ ಮೇಲೆ ತಂದರು. ಮೊನೊಂಗಹೀಲಾ, ಲ್ಯಾಕವಾನಾ, ಹಾರ್ಟ್‌ಫರ್ಡ್ ಮೂರೂ ಅದಕ್ಕೆ ಡಿಕ್ಕಿ ಹೊಡೆದವು. ಗೊಂದಲದಲ್ಲಿ ಲ್ಯಾಕವಾನಾ ಹಾರ್ಟ್‌ಫರ್ಡ್‌ಗೇ ಬಡಿಯಿತು. ಚಿಕಸಾ ಎಂಬ ಮಾನಿಟರ್ ಟೆನೆಸಿಯ ಹಿಂಭಾಗವನ್ನು ಬಿಡದೆ ಬಡಿದು ಚುಕ್ಕಾಣಿಯ ಸರಪಳಿಗಳು ತುಂಡಾದ ಮೇಲೆ, ಬ್ಯೂಕ್ಯಾನನ್ ಅವರ ಕಾಲು ಮುರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ ಅದು ಬಿಳಿ ಬಾವುಟ ಏರಿಸಿತು. ಲಾಸನ್ ಅವರ ಪತ್ರ ಕೋಟೆ, ತೋಪುದೋಣಿಗಳು ಮತ್ತು ಟೆನೆಸಿ ಮೂರನ್ನೂ ಹೆಸರಿಸುತ್ತದೆ, ಕೊನೆಯವರೆಗೂ ಅವರು ಜಾಗದಲ್ಲಿದ್ದರೆಂದು ಹೇಳುತ್ತದೆ.

ಗೇನ್ಸ್ ಕೋಟೆ ಆಗಸ್ಟ್ 8ರಂದು, ಮಾರ್ಗನ್ ಕೋಟೆ 23ರಂದು ಶರಣಾದವು. ಮೊಬೈಲ್ ಊರು ಉತ್ತರದವರ ಕೈಗೆ ಬಂದದ್ದು 1865ರ ಏಪ್ರಿಲ್‌ನಲ್ಲಿ. ಆದರೆ ಬಂದರು ಆಗಸ್ಟ್‌ನಲ್ಲೇ ಮುಚ್ಚಿತು, ದಿಗ್ಬಂಧನ ತಪ್ಪಿಸಿಕೊಂಡು ಬರುತ್ತಿದ್ದ ಹಡಗುಗಳ ದಾರಿ ನಿಂತಿತು.

ಧಾರವಾಡದ ಶಿಕ್ಷಕಿ ಬರೆದದ್ದು:

ಲಾಸನ್ ಅವರ ಮುಂದಿನ ಬದುಕಿನ ಬಗ್ಗೆ ಯಾರಾದರೂ ಬರೆಯುವಿರಾ? ವಿಲ್ಸನ್ ಬ್ರೌನ್ ಅವರು 1900ರಲ್ಲಿ ತೀರಿಕೊಂಡು, ತಾವು ಗುಲಾಮರಾಗಿ ಹುಟ್ಟಿದ ನ್ಯಾಚೆಜ್‌ನ ರಾಷ್ಟ್ರೀಯ ಸ್ಮಶಾನದಲ್ಲೇ ಸೈನಿಕ ಗೌರವದ ಸಮಾಧಿ ಪಡೆದರು. ಈ ಒಂದು ಸಂಗತಿಯನ್ನು ಹೇಳಿದಾಗ ತರಗತಿಯಲ್ಲಿ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ.

ತೀರದ ಓದುಗ ಬರೆದದ್ದು:

ಲಾಸನ್ ಅವರು ದೀರ್ಘಾಯುಷಿಗಳು. 1919ರ ಮೇ 3ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿ ಇರುವುದು ನ್ಯೂಜೆರ್ಸಿಯ ಲಾನ್‌ಸೈಡ್‌ನ ಮೌಂಟ್ ಪೀಸ್ ಸ್ಮಶಾನದಲ್ಲಿ. ಲಾನ್‌ಸೈಡ್ ಕಪ್ಪು ಜನರೇ ಕಟ್ಟಿಕೊಂಡು, ಮುಂದೆ ತಾವೇ ಆಡಳಿತ ನಡೆಸಿದ ಊರು. ಆ ಸ್ಮಶಾನದಲ್ಲಿ ಅಂತರ್ಯುದ್ಧದಲ್ಲಿ ಹೋರಾಡಿದ ಇನ್ನೂ ಅನೇಕ ಕಪ್ಪು ಯೋಧರಿದ್ದಾರೆ.

ಪ್ರಶ್ನಾರ್ಥಕ ಬರೆದದ್ದು:

ಅಡ್ಮಿರಲ್ ಮತ್ತು ಲ್ಯಾಂಡ್ಸ್‌ಮನ್ ಇಬ್ಬರಲ್ಲಿ ಯಾರ ಧೈರ್ಯ ಹೆಚ್ಚು ಎಂಬ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ಮೊಬೈಲ್ ಕೊಲ್ಲಿಯ ಬಗ್ಗೆ ಕನ್ನಡದಲ್ಲಿ ಯಾರೇ ಬರೆಯಲಿ, ಹಗ್ಗದೇಣಿಯ ಮೇಲಿದ್ದವರ ಹೆಸರಿನೊಂದಿಗೆ ಬರ್ತ್ ಡೆಕ್‌ನಲ್ಲಿದ್ದ ಇಬ್ಬರ ಹೆಸರನ್ನೂ, ಬ್ರೂಕ್ಲಿನ್‌ನ ಇಬ್ಬರ ಹೆಸರನ್ನೂ ಬರೆಯಲೇಬೇಕು ಎಂಬುದನ್ನು ಪೂರ್ಣವಾಗಿ ಒಪ್ಪುತ್ತೇನೆ. ಶಿಕ್ಷಕಿಯವರು ಎರಡು ಪತ್ರಗಳ ಲೆಕ್ಕವನ್ನು ಜೋಡಿಸಿದ ರೀತಿಯನ್ನು ಬೇರೆ ಕದನಗಳ ಪತ್ರಗಳಿಗೂ ಅನ್ವಯಿಸಿ ನೋಡಬೇಕು. 1864ರ ಜೂನ್ 19ರಂದು ಫ್ರಾನ್ಸಿನ ಶೆರ್ಬೂರ್ಗ್ ಬಳಿ ಕಿಯರ್ಸಾರ್ಜ್ ಹಡಗಿನಲ್ಲಿ ತೋಪು ತುಂಬುತ್ತಿದ್ದ ಕಪ್ಪು ನಾವಿಕ ಜೋಕಿಮ್ ಪೀಸ್ ಅವರಿಂದ ಅದನ್ನು ಆರಂಭಿಸಬಹುದು. ಅದಕ್ಕೆ ಬೇರೆಯೇ ಚರ್ಚೆಯೊಂದನ್ನು ತೆರೆಯುತ್ತೇನೆ.